ಧಾರೆ ಹರಿಯಬಾರದು

ಬೆಳಗಾವಿ ಎಂದೊಡನೆ ಕುಂದಾ, ಕೋಟೆ, ಬಿಡದೆ ಸುರಿಯುವ ಮಳೆ ನೆನಪಾಗುವುದು ಸಹಜ. ಆದರೆ ಖಾನಾಪುರ ರಸ್ತೆಯ ಉದ್ಯಮಬಾಗವನ್ನು ಹೊಕ್ಕರೆ ಬೇರೊಂದು ಬೆಳಗಾವಿಯೇ ಎದುರಾಗುತ್ತದೆ. ಗಾಳಿಯಲ್ಲಿ ಸುಟ್ಟ ಮರಳಿನ ವಾಸನೆ. ಅಂಗಳದಲ್ಲಿ ಪಂಪು, ವಾಲ್ವುಗಳ ಎರಕದ ರಾಶಿ. ಪಾಲಿಟೆಕ್ನಿಕ್ ಓದುತ್ತಿದ್ದ ಮಗನಿಗೆ ತೋರಿಸಲೆಂದು ಅಲ್ಲಿಯ ಒಂದು ಫೌಂಡ್ರಿಗೆ ಹೋಗಿದ್ದೆ.

ನೆಲದ ಮೇಲೆ ಕರಿಮರಳಿನ ಅಚ್ಚುಗಳ ಸಾಲು. ಸುಮಾರು 1,400 ಡಿಗ್ರಿ ಸೆಲ್ಸಿಯಸ್ ಕಾವಿನ ಬೀಡುಕಬ್ಬಿಣವನ್ನು ಲೇಡಲಿನಿಂದ ಹೊಯ್ಯುತ್ತಿದ್ದರು. ಹಿರಿಯ ಕೆಲಸಗಾರರೊಬ್ಬರು ಹೊಸ ಹುಡುಗನಿಗೆ ಹೇಳುತ್ತಿದ್ದರು: "ಮ್ಯಾಲಿನ ಬಟ್ಟಲ ತುಂಬೇ ಇರಬೇಕು ತಮ್ಮಾ, ಧಾರಿ ಹರೀಬಾರ್ದು."

"ಅಚ್ಚು ತುಂಬಿದರೆ ಆಯಿತಲ್ಲಪ್ಪಾ, ಹೇಗೆ ತುಂಬಿದರೇನು?" ಎಂದ ಮಗ. ಹಿರಿಯರಿಗೆ ಅದು ಕೇಳಿಸಿತು. ನಮ್ಮನ್ನು ಹಿತ್ತಲಿಗೆ ಕರೆದೊಯ್ದು, ರದ್ದಿ ರಾಶಿಯಿಂದ ಪಂಪಿನ ಕವಚವೊಂದನ್ನು ಎತ್ತಿಕೊಟ್ಟರು. ಹೊರಗೆಲ್ಲ ನುಣುಪು. ಲೇತಿನಲ್ಲಿ ಒಂದು ಪದರ ಕೆತ್ತಿದ ಕಡೆ ಮಾತ್ರ ಸಾಲು ತೂತುಗಳು, ಅವುಗಳಲ್ಲಿ ಮರಳಿನ ಕಣ. "ಕೆತ್ತೂತನಕಾ ಗೊತ್ತ ಆಗೂದಿಲ್ರಿ. ಅಷ್ಟೂ ಕೆಲಸ ನೀರಾಗ ಹೋತು."

ಒಂದು ಅಡಿ ಎತ್ತರದಿಂದ ಬಿದ್ದ ಲೋಹ ಸೆಕೆಂಡಿಗೆ ಸುಮಾರು 2.4 ಮೀಟರ್ ವೇಗ ಪಡೆಯುತ್ತದೆ. ಆ ರಭಸಕ್ಕೆ ಸಿಡಿದು, ಸುಳಿದು, ಅಚ್ಚಿನ ಮರಳನ್ನು ಕಿತ್ತು, ಗಾಳಿಯನ್ನೂ ನುಂಗುತ್ತದೆ. ಕಾಫಿಯನ್ನು ಎತ್ತಿ ಸುರಿದರೆ ನೊರೆ ಬರುವುದೂ ಹೀಗೆಯೇ. ಕಾಫಿಗೆ ಅದು ರುಚಿ, ಕಬ್ಬಿಣಕ್ಕೆ ರೋಗ. ನಲ್ಲಿಯ ಧಾರೆಯನ್ನು ಗಮನಿಸಿ: ಕೆಳಗಿಳಿದಂತೆ ಸಣ್ಣದಾಗುತ್ತದೆ. ಆದ್ದರಿಂದಲೇ ಲೋಹ ಇಳಿಯುವ ಕೊಳವೆಯನ್ನೂ ಕೆಳಗೆ ಕಿರಿದಾಗಿಸುತ್ತಾರೆ. ಮೇಲಿಂದ ಕೆಳಗಿನವರೆಗೆ ಒಂದೇ ಅಗಲವಿದ್ದರೆ ಧಾರೆಯ ಸುತ್ತ ಸಂದು ಬಿದ್ದು ಗಾಳಿ ಒಳನುಗ್ಗುತ್ತದೆ. ಬಟ್ಟಲು ತುಂಬಿರಲಿ ಎಂಬ ಮಾತಿನ ಮರ್ಮವೂ ಇದೇ.

ಅಲ್ಯೂಮಿನಿಯಮ್ಮಿನದು ಇನ್ನೂ ನಾಜೂಕು. ಗಾಳಿ ತಾಗಿದೊಡನೆ ಅದರ ಮೇಲೆ, ಹಾಲಿನ ಕೆನೆಯಂತೆ, ಆಕ್ಸೈಡಿನ ತೆಳುಪೊರೆ ಕಟ್ಟುತ್ತದೆ. ಅಲೆಯೆದ್ದರೆ ಪೊರೆ ಮಡಚಿ ಒಳಗೆ ಸೇರುತ್ತದೆ. ಮಡಿಕೆಯ ಎರಡು ಒಣಮುಖಗಳು ಬೆಸೆಯುವುದಿಲ್ಲ. ಹುಟ್ಟುವಾಗಲೇ ಬಿರುಕು! ಲೋಹದ ಮುಂಚೂಣಿಯ ವೇಗ ಸೆಕೆಂಡಿಗೆ ಅರ್ಧ ಮೀಟರ್ ದಾಟಬಾರದೆಂದು ಇಂಗ್ಲೆಂಡಿನ ಬರ್ಮಿಂಗ್ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಕ್ಯಾಂಪ್‌ಬೆಲ್ ಒತ್ತಿ ಹೇಳಿದರು. ತಮಾಷೆಯೆಂದರೆ, ಬರೀ 13 ಮಿಲಿಮೀಟರ್ ಬಿದ್ದರೆ ಸಾಕು, ಆ ವೇಗ ಬಂದುಬಿಡುತ್ತದೆ! ಹಾಗಾಗಿ ಮೇಲಿಂದ ಸುರಿಯುವ ಬದಲು ಅಚ್ಚನ್ನು ಮೆಲ್ಲನೆ ವಾಲಿಸಿ ತುಂಬುವ, ಇಲ್ಲವೇ ಗಾಳಿಯ ಒತ್ತಡದಿಂದ ಲೋಹವನ್ನು ಕೆಳಗಿನಿಂದ ಮೇಲೇರಿಸುವ ಪದ್ಧತಿಗಳು ಬಂದಿವೆ. ತೀರ ನಿಧಾನಿಸಿದರೂ ಕಷ್ಟ. ತುಂಬುವ ಮೊದಲೇ ಗಟ್ಟಿಯಾಗುತ್ತದೆ.

ಮಗ ಕವಚವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. "ಇಲ್ಲೇ ಇಟ್ಟುಬಿಡಪ್ಪಾ," ಎಂದರು ಹಿರಿಯರು, "ನಾಳೆ ಮತ್ತ ಕುಲುಮಿಗೆ ಹೋಗೂದೈತಿ."