ಏರಲಾರದ ಹಾಡು

ನಾನು ರಘು ದೀಕ್ಷಿತ್ ಪ್ರಾಜೆಕ್ಟ್‌ನ ಹುಚ್ಚು ಅಭಿಮಾನಿ. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಲ್ಲಿ ಹತ್ತಿದ ಹುಚ್ಚು, ಇವತ್ತಿಗೂ ಹೆಡ್‌ಫೋನ್ ಹಾಕದೆ ಒಂದು ಸಾಲು ಕೋಡ್ ಬರೆಯಲಾರೆ. ಒಂದೇ ತಂಡವನ್ನ ಸಾವಿರ ಸಲ ಕೇಳಿದರೆ ಏನಾಗತ್ತೆ ಗೊತ್ತಲ್ಲ... ಒಂದು ಹಾಡಿನೊಳಗಿಂದ ಇನ್ನೊಂದು ಹಾಡು ಇಣುಕೋಕೆ ಶುರುವಾಗತ್ತೆ.

2008ರ ಮೊದಲ ಆಲ್ಬಮ್‌ನಲ್ಲಿ 'ಸೋರುತಿಹುದು ಮನೆಯ ಮಾಳಿಗಿ' ಇದೆ. 2013ರ 'ಜಗ್ ಚಂಗಾ'ದಲ್ಲಿ 'ಲೋಕದ ಕಾಳಜಿ'. ಮೊದಲನೆಯದರಲ್ಲಿ ಮನೆ ಸೋರುತ್ತಿದ್ದರೂ ಕತ್ತಲಲ್ಲಿ ಮೇಲೆ ಏರಲಾಗದವನ ಸಂಕಟ. ಎರಡನೆಯದರಲ್ಲಿ ಅಂಬಾರಿ ಏರೋ ಆಸೆ ಇರೋನಿಗೆ, ಕಡೆಗೆ ಮಣ್ಣಿಗೆ ಇಳಿಯೋದು ಮರೆತೆಯಲ್ಲಪ್ಪ ಅಂತ ಚುಚ್ಚು. ಒಬ್ಬ ಏರಲಾರ, ಇನ್ನೊಬ್ಬ ಏರದೆ ಇರಲಾರ! ಇದನ್ನ ಕಂಡುಹಿಡಿದ ದಿನ ನನಗಾದ ಖುಷಿ, ವಾರದಿಂದ ಕಾಡಿದ ಬಗ್ ಸಿಕ್ಕಾಗಲೂ ಆಗಿರಲಿಲ್ಲ :)

ಪಕ್ಕದ ಸೀಟಿನ ಗೆಳೆಯ ತಣ್ಣೀರೆರಚಿದ. "ಮಗಾ, ಎರಡೂ ಶಿಶುನಾಳ ಶರೀಫರದ್ದೇ. ಒಬ್ಬರೇ ಬರೆದಮೇಲೆ ಹೋಲಿಕೆ ಇರಲ್ವಾ?"

ನಿಜ. 1819ರಲ್ಲಿ ಹುಟ್ಟಿದ ಶರೀಫರು ಯಾವ ಬ್ಯಾಂಡಿಗೂ ಬರೆದವರಲ್ಲ. ನಮ್ಮಪ್ಪನ ಕಾಲದವರಿಗೆ ಆ ಹಾಡುಗಳು ಅಂದರೆ ಸಿ. ಅಶ್ವತ್ಥ್ ದನಿ. ಆದರೂ ಅಷ್ಟೊಂದು ತತ್ವಪದಗಳಲ್ಲಿ ಇವೆರಡನ್ನು ಆರಿಸಿಕೊಂಡದ್ದು ಈ ತಂಡ ತಾನೆ ಅಂತ ವಾದಿಸಿದೆ. (ಅಭಿಮಾನಿಗೆ ವಾದಕ್ಕೆ ಬರ ಇಲ್ಲ.)

ಅವನು ಮತ್ತೆ ಕೇಳಿದ, "ಅದಿರ್ಲಿ, ಮಾಳಿಗೆ ಅಂದ್ರೆ ಫಸ್ಟ್ ಫ್ಲೋರ್ ಅಲ್ವಾ? ಅದು ಹೆಂಗೆ ಸೋರತ್ತೆ?"

ನಕ್ಕುಬಿಟ್ಟೆ. ನಮ್ಮ ಕಡೆ, ಬೀದರ ಜಿಲ್ಲೆಯ ಕೊಡಂಬಲದಲ್ಲಿ, ಮಾಳಿಗಿ ಅಂದರೆ ಮಣ್ಣಿನ ಚಾವಣಿ. ತೊಲೆ, ಅದರ ಮೇಲೆ ಸಾಲಾಗಿ ಜಂತಿ, ಮೇಲೆ ಕಟ್ಟಿಗೆ, ಸೊಪ್ಪು, ಎಲ್ಲದರ ಮೇಲೆ ಗೇಣುದ್ದ ಮಣ್ಣು. ಬಿಸಿಲಿಗೆ ಬಿರುಕು ಬಿಡತ್ತೆ, ಮಳೆಗೆ ಸೋರತ್ತೆ. ಆ ಹಾಡಿನಲ್ಲಿ ಬರೋ ಮುರಿದ ತೊಲೆ, ಹುಳ ಹಿಡಿದ ಜಂತಿ ಓದಿದವರಿಗೆ ದೇಹ, ಮನಸ್ಸು, ಅಜ್ಞಾನ ಎಲ್ಲ ಆಗಬಹುದು. ನನಗೆ ಮಾತ್ರ ಅದು ನಮ್ಮನೆ ಪಡಸಾಲೆ. ರಾತ್ರಿ ಮಳೆ ಬಂದರೆ ಅವ್ವ ಸೋರುವ ಕಡೆಯೆಲ್ಲ ಕೊಡ, ಪರಾತ ಇಡುತ್ತಿದ್ದಳು. ಅಪ್ಪ ತಲೆಗೆ ಗೋಣಿಚೀಲ ಹಾಕಿಕೊಂಡು, ಬುಟ್ಟಿಯಲ್ಲಿ ಮಣ್ಣು ಹಿಡಿದು ನಿಚ್ಚಣಿಕೆ ಏರುತ್ತಿದ್ದ. ಮೇಲೆ ಅವನು ತುಳಿಯೋ ಧಪ್ ಧಪ್ ಸದ್ದಿಗೆ ನಾನು ಕೆಳಗೆ ನಿದ್ದೆ ಹೋಗುತ್ತಿದ್ದೆ. 

ಹೋದ ಮಳೆಗಾಲ ಅವ್ವನ ಫೋನು. ಆವಾಗಲೂ ಕಿವಿಯಲ್ಲಿ ಅದೇ ಹಾಡು, ಆಣೆ ಮಾಡಿ ಹೇಳ್ತೀನಿ.

"ಮನಿ ಸೋರ್ಲಾಕತ್ತದ ತಮ್ಮಾ. ನಿಮ್ಮಪ್ಪಗ ಮ್ಯಾಲ ಏರ್ಲಾಕ ಆಗವಲ್ದು. ಮೊಣಕಾಲು ಹಿಡಿದಾವ. ನಿನಗ ಹೇಳಬ್ಯಾಡ ಅಂದಾನ."

ಐದು ವರ್ಷದ ಅಂತರದ ಎರಡು ಆಲ್ಬಮ್‌ಗಳಲ್ಲಿ ಒಂದು ಮಾತು ಹುಡುಕಿ ಬೀಗಿದ್ದೆ. ಮನೆಯಲ್ಲಿ ಎರಡು ಮಳೆಗಾಲದಿಂದ ಅಪ್ಪ ಮೇಲೆ ಏರಿಲ್ಲ ಅನ್ನೋದು ಗೊತ್ತೇ ಇರಲಿಲ್ಲ. 

ಆ ಶನಿವಾರ ಊರಿಗೆ ಹೋದೆ. ಸ್ಲ್ಯಾಬ್ ಹಾಕಿಸೋಣ ಅಂದೆ, ಅಪ್ಪ "ನೋಡಮು" ಅಂದ. ಸದ್ಯಕ್ಕೆ ತಾಡಪತ್ರಿ ಹೊದಿಸಬೇಕಿತ್ತು. ನಾನು ಏರಿದೆ. ಅಂಗಳದಲ್ಲಿ ಗೋಡೆ ಹಿಡಿದು ನಿಂತ ಅಪ್ಪ, "ಜಂತಿ ಮ್ಯಾಲ ಕಾಲಿಡು, ನಡುವ ತುಳಿಬ್ಯಾಡ" ಅಂತ ಕೂಗುತ್ತಲೇ ಇದ್ದ. ಮಣ್ಣಿನ ಕೆಳಗೆ ಜಂತಿ ಎಲ್ಲಿದೆ ಅಂತ ನನಗೆ ಗೊತ್ತಾಗಲಿಲ್ಲ. ಅವನಿಗೆ ಕೆಳಗಿನಿಂದಲೇ ಗೊತ್ತಿತ್ತು.