ನೋಡಾಕಷ್ಟ ಬಿಟ್ರೇನ್ರಿ?

ಇಳಕಲ್ಲಿನ ನೇಕಾರರ ಮಾತುಗಳನ್ನು ಒಂದೆಡೆ ಕೂಡಿಸಿಡಬೇಕೆಂದು ಹೊರಟವರು ನಾವು ನಾಲ್ವರು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು, ಊರಿಗೊಬ್ಬರು. ಕೂಡಿ ಕೂರುವುದಾಗದೆ ಗೂಗಲ್ ಶೀಟ್ ಒಂದನ್ನು ತೆರೆದೆವು. ಒಂದು ಕಾಲಂನಲ್ಲಿ ಉಂಕಿ, ಲಾಳಿ, ಕಂಡಿಕಿ, ರೇಷ್ಮೆ. ಪಕ್ಕದಲ್ಲಿ ದಖನಿಯ ತಾನಾ, ಬಾನಾ, ರೇಶಂ. ಎರಡೂ ಮಾತು ಒಂದೇ ಓಣಿಯಲ್ಲಿ ಕೇಳಿ ಬೆಳೆದವರು ನಾವು.

ಯಾರಿಗೂ ಬಾಗಿಲು ಹಾಕಬಾರದೆಂಬ ಹುಮ್ಮಸ್ಸಿನಲ್ಲಿ, ಲಿಂಕ್ ಇದ್ದವರೆಲ್ಲ ತಿದ್ದಬಹುದು ಎಂದು ಬಿಟ್ಟಿದ್ದೆವು. ಅದು ವಾಟ್ಸ್ಆ್ಯಪಿನಲ್ಲಿ ಎಲ್ಲೆಲ್ಲಿಗೋ ಹೋಯಿತು. ಒಂದು ಬೆಳಿಗ್ಗೆ ನೋಡಿದರೆ ದಖನಿಯ ಕಾಲಂ ಪೂರ್ತಿ ಖಾಲಿ! ಬದಲಾವಣೆಯ ಚರಿತ್ರೆ ತೆಗೆದರೆ ಅಲ್ಲಿ ಹೆಸರಿಲ್ಲ, ಅನಾಮಿಕ. ಬೇಕಂತಲೇ ಅಳಿಸಿದ್ದೋ, ಬೆರಳು ತಪ್ಪಿದ್ದೋ ಇವತ್ತಿಗೂ ತಿಳಿದಿಲ್ಲ. ಆದರೆ ನಮ್ಮ ಕಾಲದಲ್ಲಿ ಅನುಮಾನಕ್ಕೆ ಅಷ್ಟು ಸಾಕು. ಎರಡು ದಿನ ನಾಲ್ವರ ನಡುವೆಯೂ ಮಾತು ಬಿಗಿಯಾಯಿತು. (ರೇಶಂ ಹೋಗಿ ರೇಷ್ಮೆ ಉಳಿದಿತ್ತು, ಅದರ ಬೇರೂ ಪಾರಸಿಯೇ.)

ಹಿಂದಿನ ಆವೃತ್ತಿಯನ್ನು ಮರಳಿ ತಂದೆವು, ಒಂದು ಪದವೂ ಹೋಗಲಿಲ್ಲ. ಆದರೂ ಹೆದರಿದ್ದೆವಲ್ಲ, ಬೀಗ ಜಡಿದೆವು. ತಿದ್ದುವವರು ನಾವು ನಾಲ್ವರು, ಉಳಿದವರು ನೋಡಬಹುದು ಅಷ್ಟೇ.

ತಿಂಗಳಾದ ಮೇಲೆ ಹಿರಿಯ ನೇಕಾರರೊಬ್ಬರು ಇಳಕಲ್ಲಿನ ಬಜಾರಿನಲ್ಲಿ ಹಿಡಿದು ನಿಲ್ಲಿಸಿದರು. ಅರ್ಧದಷ್ಟು ಪದ ಕೊಟ್ಟವರೇ ಅವರು. ಸೆರಗಿನ ‘ತೆನಿ’ಗೆ ನಾವು ಗುಡಿಯ ಗೋಪುರವೆಂದು ಬರೆದಿದ್ದೆವು. “ಅದು ಜ್ವಾಳದ ತೆನಿರೀ ಸರ. ಮೊಮ್ಮಗನ ಕೈಲೆ ತಿದ್ದಸೂಣಂದ್ರ ಪರವಾನಗಿ ಕೇಳತೈತಿ. ಮಾತು ನಮ್ಮವು, ನಮಗ ನೋಡಾಕಷ್ಟ ಬಿಟ್ರೇನ್ರಿ?”

“ತಪ್ಪಾತ್ರಿ ಕಾಕಾ” ಎಂದೆವು. ಮೊಮ್ಮಗ ಕಳಿಸಿದ್ದ ಕೋರಿಕೆ ಈಮೇಲಿನಲ್ಲಿ ಯಾರೂ ತೆರೆಯದೆ ಬಿದ್ದಿತ್ತು.

ಕನ್ನಡ ವಿಕಿಪೀಡಿಯ 2003ರಿಂದ ನಡೆದುಬಂದಿದೆ. ಅಲ್ಲಿ ಹೆಚ್ಚಿನ ಪುಟಗಳನ್ನು ಯಾರು ಬೇಕಾದರೂ ತಿದ್ದಬಹುದು. ತಂಟೆಯಾದ ಪುಟಕ್ಕಷ್ಟೇ ಬೀಗ. ಯಾರು ಏನು ಬದಲಿಸಿದರೆಂಬುದು ಪುಟದ ಚರಿತ್ರೆಯಲ್ಲಿರುತ್ತದೆ. ಒಬ್ಬ ಅನಾಮಿಕನಿಗೆ ಹೆದರಿ ನಾವು ಇಡೀ ಓಣಿಯನ್ನು ಹೊರಗಿಟ್ಟಿದ್ದೆವು.

ಈಗ ಪದಗಳ ಎರಡು ಕಾಲಂಗಳಿಗೆ ಮಾತ್ರ ಕಾವಲು. ಅರ್ಥದ ಕಾಲಂ, ಹೊಸ ಪದದ ಹಾಳೆ ಎರಡನ್ನೂ ಹೇಳಿಕೊಟ್ಟವರು, ಅವರ ಮನೆಯ ಹುಡುಗರು ತಮ್ಮ ಹೆಸರಿನಿಂದ ಒಳಬಂದು ತಿದ್ದಬಹುದು. ತೆನಿಯ ಜಗಳ ಮುಗಿದಿಲ್ಲ. ಬಾದಾಮಿಯ ಗೆಳೆಯರು ಗೋಪುರವನ್ನು ಬಿಡಲೊಲ್ಲರು. ಎರಡು ಅರ್ಥವೂ ಪಕ್ಕಪಕ್ಕದಲ್ಲಿವೆ.

ಒಡೆತನದ್ದೊಂದು ಉಳಿದಿದೆ. ಇಂಥ ಕಡತಕ್ಕೆ ಒಡೆಯರು ಒಬ್ಬರೇ. ಅದು ಬಾಗಲಕೋಟೆಯ ಗೆಳೆಯರ ಖಾತೆಯಲ್ಲಿದೆ. ಎರಡು ವರ್ಷ ಬಳಸದ ಖಾತೆಯನ್ನು ಅಳಿಸಬಹುದೆಂದು ಗೂಗಲ್ 2023ರಲ್ಲೇ ಹೇಳಿದೆ. ಹಾಗಾಗಿ ಪ್ರತಿ ತಿಂಗಳು ಒಂದು ಪ್ರತಿ ಇಳಿಸಿ ಕಾಕಾರ ಮೊಮ್ಮಗನಿಗೂ ಕಳಿಸುತ್ತಿದ್ದೇವೆ. ಹೋದ ಸಲ ಮರೆತಿದ್ದೆವು, ಅವನೇ ಫೋನು ಮಾಡಿ ಕೇಳಿ ತರಿಸಿಕೊಂಡ.