ಅಪ್ಪನ ಪಾಳಿ

ಮೊಹರಂ ಬಂತೆಂದರೆ ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಇಂದಿಗೂ ರಿವಾಯತ್ ಪದಗಳು ಕೇಳುತ್ತವೆ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಹುತಾತ್ಮರಾದ ಇಮಾಮ್ ಹುಸೇನರ ಕತೆಯನ್ನು ಕನ್ನಡದಲ್ಲಿ ಹೆಜ್ಜೆ ಹಾಕುತ್ತ ಹೇಳುವ ಹಾಡುಗಳಿವು. ಇವನ್ನು ಕಟ್ಟಿದವರಲ್ಲಿ, ಹಾಡಿದವರಲ್ಲಿ ಮುಸ್ಲಿಮರಂತೆ ಹಿಂದೂಗಳೂ ಇದ್ದಾರೆ. ಪಿಂಜಾರರಾದ ನಮ್ಮ ಅಪ್ಪ ಅಂಥ ಒಬ್ಬ ಪದಗಾರ. ವರ್ಷವಿಡೀ ಗಾದಿ ಹೊಲಿಯುವವರು ಆ ಹತ್ತು ದಿನ ಮೇಳದ ಮುಂದಾಳು.

ಶಾಲೆಯಲ್ಲಿ ನಾವು 1874ರಲ್ಲಿ ತೀರಿಕೊಂಡ ಲಖನೌದ ಮೀರ್ ಅನೀಸರ ಮರ್ಸಿಯಾಗಳನ್ನು ಉರ್ದುವಿನಲ್ಲಿ ಓದಿ ಬರುತ್ತಿದ್ದೆವು. ರಾತ್ರಿ ಅಲಾಯಿ ಕುಣಿಯ ಮುಂದೆ ಅದೇ ಕರ್ಬಲಾ ಅಪ್ಪನ ಬಾಯಲ್ಲಿ ನಮ್ಮ ಮನೆಮಾತಿನ ಕನ್ನಡವಾಗುತ್ತಿತ್ತು. ರುಜು ಹಾಕಲು ಮಾತ್ರ ಕಲಿತಿದ್ದ ಅವರಿಗೆ ಪದಗಳೆಲ್ಲ ಬಾಯಿಪಾಠ.

ಅವರು ಹೋದ ಮೇಲೆ ನಾವು ಮೂವರು ಮಕ್ಕಳು ಅವರ ನೆನಪಿಗೊಂದು ಕಿರುಚಿತ್ರ ಮಾಡಲು ಹೊರಟೆವು. ಸಿಕ್ಕ ದನಿ ನಲವತ್ತು ಸೆಕೆಂಡಿನದು. ಚಾಂದ್ರಮಾನದ ವರ್ಷ ಹನ್ನೊಂದು ದಿನ ಚಿಕ್ಕದಾದ್ದರಿಂದ 2009ರಲ್ಲಿ ಜನವರಿಗೊಂದು, ಡಿಸೆಂಬರಿಗೊಂದು ಮೊಹರಂ ಬಂದಿತ್ತು. ಆ ಡಿಸೆಂಬರಿನಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದದ್ದು ಅದು. ನಾವು ಚಿತ್ರೀಕರಿಸಿದ್ದು 2024ರ ಜುಲೈನ ಮಳೆಯಲ್ಲಿ.

ಬಳಗದ ಕೆಲವರು ತಡೆದರು. ಹಾಡು ಕುಣಿತ ದೀನಿಗೆ ಸಲ್ಲದು, ಸತ್ತವರನ್ನು ತೆರೆಯ ಮೇಲೆ ಯಾಕೆ ತರುತ್ತೀರಿ ಎಂದರು. ಅವರ ಆತಂಕವನ್ನು ನಾವು ಹಗುರವಾಗಿ ಕಾಣಲಿಲ್ಲ. ಅವ್ವ ಮಾತ್ರ, "ಅವರು ಹಾಡಿದ್ದು ದುಃಖಕ್ಕ, ಮೋಜಿಗಲ್ಲ. ತೋರಸ್ರಿ" ಎಂದಳು.

ರಿವಾಯತ್‌ನಲ್ಲಿ ಸವಾಲ್-ಜವಾಬ್ ಉಂಟು. ಒಂದು ಮೇಳ ಪ್ರಶ್ನೆ ಹಾಕಿದರೆ ಎದುರು ಮೇಳ ಉತ್ತರಿಸಬೇಕು. ಅಪ್ಪನ ಸವಾಲುಗಳು ಅವರೊಂದಿಗೇ ಹೋಗಿದ್ದವು. ಎದುರು ಮೇಳದ ಲಿಂಗಾಯತ ಕಾಕಾನಿಗೆ ಜವಾಬುಗಳು ಮಾತ್ರ ನೆನಪಿದ್ದವು. ಕಟ್ಟೆಯ ಮೇಲೆ ಕುಳಿತು ಹಾಡಿದರು. ಪ್ರತಿ ಜವಾಬಿಗೂ ಮುಂಚೆ ಸುಮ್ಮನಾಗಿ, "ಇದು ನಿಮ್ಮಪ್ಪನ ಪಾಳಿ ಐತ್ರಪಾ" ಎನ್ನುತ್ತಿದ್ದರು.

ಸಂಕಲನಕಾರ ಹುಡುಗ, ಈಗ ಕಂಪ್ಯೂಟರ್ ಅಪ್ಪನ ದನಿಯನ್ನೇ ಮಾಡಿಕೊಡುತ್ತದೆ, ಖಾಲಿ ಜಾಗ ತುಂಬಬಹುದು ಎಂದ. ಪದವೇ ಇಲ್ಲದ ಮೇಲೆ ದನಿ ಏನನ್ನು ಹಾಡೀತು? ಆ ಮೌನಗಳನ್ನು ಹಾಗೆಯೇ ಬಿಟ್ಟೆವು.

ಊರ ಶಾಲೆಯ ಗೋಡೆಯ ಮೇಲೆ ಚಿತ್ರ ತೋರಿಸಿದಾಗ ಅಂಥದೊಂದು ಮೌನದಲ್ಲಿ ಹಿಂದಿನಿಂದ ಮುದುಕಿಯೊಬ್ಬಳು ಮೆಲ್ಲಗೆ ಅಪ್ಪನ ಸವಾಲನ್ನು ಹಾಡಿಬಿಟ್ಟಳು. ಹೆಂಗಸರು ಮೇಳದಲ್ಲಿ ನಿಲ್ಲದಿದ್ದರೂ ವರ್ಷ ವರ್ಷವೂ ಕೇಳಿಸಿಕೊಂಡಿದ್ದರಲ್ಲ! ಮರುದಿನವೇ ನೋಟುಬುಕ್ಕು ಹಿಡಿದು ಮನೆ ಮನೆಗೆ ಹೋದೆವು. ಈಗ ಏಳು ಸವಾಲು ಸಿಕ್ಕಿವೆ. ನಿಮ್ಮ ಮನೆಯಲ್ಲೂ ಹಾಡುವ ಹಿರಿಯರಿದ್ದರೆ ಇಂದೇ ಕೂತು ಕೇಳಿ, ಬರೆದಿಡಿ. ಹಾಡಿದವರಷ್ಟೇ ಅಲ್ಲ, ಕೇಳಿದವರನ್ನೂ ಕೇಳಿ.